ಬೈಕಿನ ಮೇಲೆ ದುಡಿಯುವ ನಮ್ಮ ಮಕ್ಕಳಿಗೂ ಒಂದು ಸಂಘ ಬೇಡವೇ?

ಮಗ್ರಿಬ್ ನಮಾಝ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ ದೇರಳಕಟ್ಟೆ, ತೊಕ್ಕೊಟ್ಟು, ಕಂಕನಾಡಿ ಕಡೆಯ ಯಾವುದಾದರೂ ದೊಡ್ಡ ಹೋಟೆಲಿನ ಮುಂದೆ ನಿಂತು ನೋಡಿ. ಬೆನ್ನಿಗೆ ಚೌಕದ ಚೀಲ, ಮೈಮೇಲೆ ಕಂಪೆನಿಯ ಟೀ ಶರ್ಟ್, ಕೈಯಲ್ಲಿ ಮೊಬೈಲ್. ಹೀಗೆ ಹತ್ತಾರು ಹುಡುಗರು ಪಾರ್ಸೆಲ್‌ಗೆ ಕಾಯುತ್ತಾ ನಿಂತಿರುತ್ತಾರೆ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಗಲ್ಫ್‌ನಿಂದ ಕೆಲಸ ಬಿಟ್ಟು ಬಂದವರು, ಪಿಯುಸಿ ಮುಗಿಸಿ ಮುಂದೆ ಓದಲಿಕ್ಕೆ ಆಗದವರು, ಹಗಲು ಕಾಲೇಜಿಗೆ ಹೋಗಿ ರಾತ್ರಿ ದುಡಿಯುವವರು. ಮನೆಯಲ್ಲಿ ಉಮ್ಮನನ್ನು ಕೇಳಿದರೆ, "ಅವ ಬೈಕಲ್ಲಿ ಫುಡ್ ಕೊಡ್ಲಿಕ್ಕೆ ಹೋಗ್ತಾನೆ" ಎನ್ನುತ್ತಾರೆ. ಅದು ಕೆಲಸ ಎಂದು ಹೇಳುವುದಿಲ್ಲ. ಹೆಣ್ಣು ಕೇಳಲು ಹೋದಾಗಲಂತೂ ಆ ವಿಷಯವನ್ನೇ ಎತ್ತುವುದಿಲ್ಲ.

ಇದು ಕೆಲಸವೇ. ಮಳೆಗಾಲದಲ್ಲಿ ಕದ್ರಿ, ಬಿಜೈ ಏರಿಳಿತಗಳಲ್ಲಿ ಒಂದು ಕೈಯಲ್ಲಿ ಮುಖದ ನೀರು ಒರೆಸಿಕೊಳ್ಳುತ್ತಾ ಬೈಕ್ ಓಡಿಸಿದವರಿಗೆ ಅದರ ಕಷ್ಟ ಗೊತ್ತು. ಪೆಟ್ರೋಲ್ ಅವನದ್ದು, ಬೈಕ್ ಅವನದ್ದು, ಸಾಲದ ಕಂತು ಅವನದ್ದು, ಬಿದ್ದರೆ ಕೈಕಾಲೂ ಅವನದ್ದೇ. ಕಂಪೆನಿ ಅವನನ್ನು ಕಾರ್ಮಿಕ ಎಂದು ಕರೆಯುವುದಿಲ್ಲ, 'ಪಾರ್ಟ್ನರ್' ಎಂದು ಕರೆಯುತ್ತದೆ. ಫಿಕ್ಹ್ ಓದಿದವರಿಗೆ ಇಲ್ಲಿ ಸಣ್ಣ ನಗು ಬರುತ್ತದೆ. ಪಾಲುದಾರಿಕೆ ಎಂದರೆ ಲಾಭದ ಪಾಲು ಎಷ್ಟೆಂದು ಮೊದಲೇ ಮಾತಾಗಿರಬೇಕು. ಕೂಲಿ ಕರಾರು ಎಂದರೆ, ಅಂದರೆ ನಾವು 'ಇಜಾರ' ಎಂದು ಕಲಿಸುವುದು, ಕೆಲಸ ಯಾವುದು, ಕೂಲಿ ಎಷ್ಟು ಎಂದು ಇಬ್ಬರಿಗೂ ತಿಳಿದಿರಬೇಕು. ಇಲ್ಲಿ ಎರಡೂ ಇಲ್ಲ. ನಿನ್ನೆ ಇಷ್ಟು ಕಿಲೋಮೀಟರಿಗೆ ಸಿಕ್ಕಿದ ದುಡ್ಡು ಇವತ್ತು ಸಿಗುವುದಿಲ್ಲ, ಯಾಕೆ ಎಂದು ಹೇಳುವವರೂ ಇಲ್ಲ.

ಈ ಸ್ಥಿತಿ ನಮ್ಮ ಮನೆಗಳಿಗೆ ಹೊಸತಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ನಮ್ಮ ಅಜ್ಜಿಯರು, ಉಮ್ಮಂದಿರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವರು. ಎಲೆ ನೆನೆಸುವುದು, ಕತ್ತರಿಸುವುದು, ತಂಬಾಕು ತುಂಬಿ ಸುತ್ತುವುದು, ನೂಲು ಕಟ್ಟುವುದು. ಮನೆಯೇ ಕಾರ್ಖಾನೆ, ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬ್ರ್ಯಾಂಚಿಗೆ ತೆಗೆದುಕೊಂಡು ಹೋದರೆ ಸರಿಯಿಲ್ಲ ಎಂದು ಕೆಲವು ಕಟ್ಟುಗಳನ್ನು ಬದಿಗೆ ಹಾಕುವುದು, ಅದರ ದುಡ್ಡು ಹೋಯಿತು ಎಂದೇ ಲೆಕ್ಕ. ಮಾಲಕರ ವಾದವೂ ಇವತ್ತಿನದ್ದೇ: ಇವರು ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುವವರು, ಇವರು ನಮ್ಮ ಕಾರ್ಮಿಕರಲ್ಲ.

ಆ ವಾದ ಮುರಿಯಲು ಎಷ್ಟು ವರ್ಷ ಹಿಡಿಯಿತು! ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಅದು ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಲೆಕ್ಕಕ್ಕೆ ತೆಗೆದುಕೊಂಡಿತು. ತಿರಸ್ಕರಿಸಿದ ಬೀಡಿಯ ತಕರಾರನ್ನು ಅಧಿಕಾರಿಯ ಮುಂದೆ ಒಯ್ಯುವ ದಾರಿಯನ್ನೂ ಇಟ್ಟಿತು. ಮಾಲಕರು ಕೋರ್ಟಿಗೆ ಹೋದರು. ಆ ಕಾಯ್ದೆಯನ್ನು ಎತ್ತಿಹಿಡಿದ 1974ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮೂರಿನ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಇದೆ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಸಿಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಆ ಪಿಎಫ್ ದುಡ್ಡಿನಲ್ಲಿ ಮನೆಯ ಮಾಡಿಗೆ ಹಂಚು ಬಿದ್ದದ್ದು, ಮಗಳ ನಿಕಾಹ್ ಆದದ್ದು, ಕಾರ್ಡಿನ ಮೇಲೆ ಮಕ್ಕಳಿಗೆ ಸ್ಕಾಲರ್‌ಶಿಪ್ ಬಂದದ್ದು ನಮ್ಮ ಎಷ್ಟೋ ಮನೆಗಳ ಕಥೆ. ಹಿಂದೆ ನಿಂತು ಹೋರಾಡಿದ್ದು ಹೆಚ್ಚಾಗಿ ಕೆಂಬಾವುಟದ ಸಂಘಗಳು. "ಅವರ ಹತ್ತಿರ ನಮಗೆ ಎಂತ ಕೆಲಸ" ಎಂದು ನಮ್ಮ ಗಂಡಸರು ಕೆಲವರು ದೂರ ನಿಂತದ್ದೂ ಉಂಟು. ಕಾರ್ಡ್ ಮಾಡಿಸುವಾಗ ಮಾತ್ರ ಯಾರೂ ದೂರ ನಿಲ್ಲಲಿಲ್ಲ, ಅದು ಬೇರೆ ಮಾತು.

ಈಗ ಆ ಉಮ್ಮಂದಿರ ಮೊಮ್ಮಕ್ಕಳು ಬೈಕಿನ ಮೇಲೆ ಇದ್ದಾರೆ. ಬ್ರ್ಯಾಂಚಿನ ಜಾಗದಲ್ಲಿ ಆ್ಯಪ್ ಇದೆ. ಕಟ್ಟು ಬದಿಗೆ ಹಾಕುವ ಜಾಗದಲ್ಲಿ ಸ್ಟಾರ್ ರೇಟಿಂಗ್ ಇದೆ. ಬೀಡಿ ಬ್ರ್ಯಾಂಚಿನಲ್ಲಿ ಕನಿಷ್ಠ ಒಬ್ಬ ಮನುಷ್ಯನಾದರೂ ಕೂತಿರುತ್ತಿದ್ದ, ಅವನ ಹತ್ತಿರ ಜಗಳ ಮಾಡಬಹುದಿತ್ತು.

ನಮ್ಮ ಮದ್ರಸದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೆಲವು ವರ್ಷಗಳ ಹಿಂದೆ ಆದದ್ದು ಹೀಗೆ. ಗಿರಾಕಿಯೊಬ್ಬರು ಆಹಾರ ಬಂದೇ ಇಲ್ಲ ಎಂದು ದೂರು ಕೊಟ್ಟರು. ಬೆಳಿಗ್ಗೆ ಎದ್ದು ನೋಡುವಾಗ ಇವನ ಐಡಿ ಬ್ಲಾಕ್. ಫೋನ್ ಮಾಡಿದರೆ ಎತ್ತುವವರಿಲ್ಲ, ಮೆಸೇಜ್ ಹಾಕಿದರೆ ಮಿಷನ್ ಉತ್ತರ ಕೊಡುತ್ತದೆ. ಬೈಕಿನ ಕಂತು ಎರಡು ತಿಂಗಳು ಬಾಕಿಯಾಯಿತು. ಜುಮುಅ ಮುಗಿಸಿ ನಮ್ಮ ಹತ್ತಿರ ಬಂದು, "ದುಆ ಮಾಡಿ ಉಸ್ತಾದ್, ಐಡಿ ಓಪನ್ ಆಗಲಿ" ಎಂದ. ದುಆ ಮಾಡಿದೆವು. "ನಿನ್ನ ಹಾಗೆ ಬೇರೆಯವರಿಗೂ ಆಗಿದೆಯಾ?" ಎಂದು ಕೇಳಿದೆವು. "ತುಂಬ ಜನರಿಗೆ ಆಗಿದೆ ಉಸ್ತಾದ್" ಎಂದ. "ಎಲ್ಲರೂ ಸೇರಿ ಕೇಳಬಹುದಲ್ಲ?" ಎಂದಾಗ ಅವನು ನಮ್ಮ ಮುಖ ನೋಡಿದ. "ಕೇಳುದು ಯಾರ ಹತ್ರ? ಆಫೀಸ್ ಎಲ್ಲುಂಟು ಅಂತಲೇ ಗೊತ್ತಿಲ್ಲ."

ಕೇಳುವವರು ಆಗಲೇ ಬೇರೆ ಊರುಗಳಲ್ಲಿ ಸೇರತೊಡಗಿದ್ದರು. ಆ್ಯಪ್ ಆಧಾರಿತ ಸಾರಿಗೆ ಕಾರ್ಮಿಕರ ಭಾರತೀಯ ಒಕ್ಕೂಟ, ಐಎಫ್‌ಎಟಿ ಎಂದು ಚಿಕ್ಕದಾಗಿ ಕರೆಯುವುದು, 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ತಮಗೂ ಸಾಮಾಜಿಕ ಭದ್ರತೆ ಬೇಕೆಂದು ಕೇಳಿತು. 2023ರಲ್ಲಿ ರಾಜಸ್ಥಾನ ದೇಶದಲ್ಲೇ ಮೊದಲು ಇಂಥ ಕಾರ್ಮಿಕರಿಗಾಗಿ ಕಾಯ್ದೆ ಮಾಡಿತು. ನಮ್ಮ ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂದು, ಅದೇ ವರ್ಷ ವಿಧಾನಮಂಡಲದಲ್ಲಿ ಕಾಯ್ದೆಯಾಯಿತು. ಇದು ಬೆಂಗಳೂರಿನ ಸವಾರರ ಸಂಘಗಳು ಮೀಟಿಂಗ್‌ನಿಂದ ಮೀಟಿಂಗ್‌ಗೆ ಅಲೆದು, ಕರಡಿನ ಸಾಲು ಸಾಲಿಗೂ ತಕರಾರು ಎತ್ತಿ ತಂದದ್ದು.

ಈ ಕಾಯ್ದೆಯಲ್ಲಿ ಏನಿದೆ ಎಂದು ನಮ್ಮ ಮನೆಗಳಲ್ಲಿ ತಿಳಿದಿರಬೇಕು. ಪ್ರತಿ ಆರ್ಡರಿನಲ್ಲಿ ಸವಾರನಿಗೆ ಸಿಗುವ ಹಣದ ಶೇ. 1ರಿಂದ ಶೇ. 5ರ ವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಇದು ಸವಾರನ ಸಂಬಳದಿಂದ ಹಿಡಿಯುವುದಲ್ಲ. ಆ ನಿಧಿಯನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಸವಾರರ ಪ್ರತಿನಿಧಿಗಳಿಗೂ ಜಾಗ ಇದೆ. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು ಕೊಡಬೇಕು, 14 ದಿನ ಮೊದಲು ನೋಟಿಸ್ ಕೊಡಬೇಕು. ರೇಟಿಂಗ್ ಹೇಗೆ ಲೆಕ್ಕ ಹಾಕುತ್ತಾರೆ, ಕೆಲಸ ಹೇಗೆ ಹಂಚುತ್ತಾರೆ ಎಂಬುದನ್ನು ತಿಳಿಸಬೇಕು. ಕರಾರು ಸವಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಮ್ಮ ಆ ಹುಡುಗನ ಐಡಿ ಬ್ಲಾಕ್ ಆದಾಗ ಈ ಕಾಯ್ದೆ ಇರಲಿಲ್ಲ. ಈಗ ಅಂಥದ್ದೇ ಆದವನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಆದರೆ ಕಾಗದ ಹಿಡಿದು ಒಬ್ಬನೇ ಎಲ್ಲಿಗೆ ಹೋಗುವುದು? ಮಂಡಳಿಯಲ್ಲಿ ಕೂರುವ ಪ್ರತಿನಿಧಿಗೆ ಮಂಗಳೂರಿನ ಘಾಟಿಯ, ಮಳೆಯ ವಿಷಯ ಹೇಳುವವರು ಯಾರು? ಅದಕ್ಕೇ ಸಂಘ ಬೇಕೆನ್ನುವುದು.

ಸಂಘ ಎಂದ ಕೂಡಲೇ ನಮ್ಮಲ್ಲಿ ಇನ್ನೊಂದು ಇಕ್ಕಟ್ಟು ಎದುರಾಗುತ್ತದೆ. ರಿಕ್ಷಾದವರಿಗೆ ಸಂಘ ಇದೆ. ಪಾರ್ಕ್ ಇದೆ, ಪಾರ್ಕಿನಲ್ಲಿ ಬೋರ್ಡ್ ಇದೆ, ಸರದಿ ಇದೆ, ಒಬ್ಬನಿಗೆ ಅಪಘಾತವಾದರೆ ಉಳಿದವರು ದುಡ್ಡು ಒಟ್ಟು ಮಾಡುತ್ತಾರೆ. ಆ ರಿಕ್ಷಾದವರಲ್ಲೂ ನಮ್ಮವರು ಎಷ್ಟೋ ಜನ. ಈಗ ಬೈಕ್ ಟ್ಯಾಕ್ಸಿ ಬಂದು ಅವರ ಬಾಡಿಗೆ ಕಡಿಮೆಯಾಗಿದೆ. ಒಂದೇ ಮನೆಯಲ್ಲಿ ಅಣ್ಣನದು ರಿಕ್ಷಾ, ತಮ್ಮನದು ಬೈಕ್ ಎಂದಾದರೆ ಊಟಕ್ಕೆ ಕೂತಾಗ ಮಾತಿಲ್ಲ. ಸರಕಾರ 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಯೋಜನೆ ತಂದಿತು, 2024ರ ಮಾರ್ಚ್‌ನಲ್ಲಿ ವಾಪಸ್ ತೆಗೆಯಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ನಿಯಮ ಆಗುವವರೆಗೆ ಬೈಕ್ ಟ್ಯಾಕ್ಸಿ ನಿಲ್ಲಿಸಿ ಎಂದಿತು, ಜೂನ್ 16ರಿಂದ ನಿಂತಿತು. ಬೆಂಗಳೂರಿನಲ್ಲಿ ಸವಾರರು ಬೀದಿಗಿಳಿದರು. ತಾವು ಕಳ್ಳರಲ್ಲ, ದುಡಿದು ತಿನ್ನುವವರು ಎಂದು ಹೇಳಿಕೊಳ್ಳಬೇಕಾಗಿ ಬಂತು. 2026ರ ಜನವರಿಯಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದು ಮಾಡಿ, ಪರ್ಮಿಟ್ ಪಡೆದು ಓಡಿಸುವ ದಾರಿ ತೆರೆಯಿತು. ರಿಕ್ಷಾದವರ ಸಿಟ್ಟು ಸುಳ್ಳಲ್ಲ. ಪರ್ಮಿಟ್, ಮೀಟರ್, ಎಫ್‌ಸಿ, ಇನ್ಶೂರೆನ್ಸ್ ಎಂದು ಅವರು ಎಷ್ಟು ಕಟ್ಟುತ್ತಾರೆ ಎಂದು ನಮಗೆ ಗೊತ್ತಿದೆ. ಆದರೆ ಬಾಡಿಗೆಯ ದರ ಇಳಿಸುವವನು ತಮ್ಮನಲ್ಲ, ಆ್ಯಪ್. ಪಾರ್ಕಿನಲ್ಲಿ ಬೈಕಿನವನ ಕೀ ಕಸಿದುಕೊಂಡರೆ ಆ್ಯಪಿನವರಿಗೆ ಏನೂ ಆಗುವುದಿಲ್ಲ. ಸವಾರರಿಗೂ ಒಂದು ಸಂಘ ಇದ್ದಿದ್ದರೆ ಎರಡು ಸಂಘಗಳ ಹಿರಿಯರು ಕೂತು, ಯಾವ ಜಾಗದಲ್ಲಿ ಯಾರು ಜನ ಹತ್ತಿಸುವುದು ಎಂದು ಮಾತಾಡಿ ಮುಗಿಸಬಹುದಿತ್ತು.

ಇನ್ನು ಹೆಸರಿನ ವಿಷಯ. ನಮಗೆ ಹಕ್ಕಿಗಿಂತಲೂ ಇದು ಹೆಚ್ಚು ಚುಚ್ಚುತ್ತದೆ.

2019ರಲ್ಲಿ ಜಬಲ್ಪುರದಲ್ಲಿ ಒಬ್ಬ ಗಿರಾಕಿ, ತರುವವನು ಹಿಂದೂ ಅಲ್ಲ ಎಂಬ ಕಾರಣಕ್ಕೆ ಆರ್ಡರ್ ರದ್ದು ಮಾಡಿ ಅದನ್ನು ಊರಿಗೆಲ್ಲ ಸಾರಿದ. ಆಗ ಜೊಮ್ಯಾಟೊ ಸವಾರನ ಪರ ನಿಂತಿತು, ಆಹಾರಕ್ಕೆ ಧರ್ಮ ಇಲ್ಲ ಎಂದಿತು. 2022ರಲ್ಲಿ ಹೈದರಾಬಾದಿನಲ್ಲಿ ಸ್ವಿಗ್ಗಿಯ ಗಿರಾಕಿಯೊಬ್ಬ ಮುಸ್ಲಿಂ ಹುಡುಗ ಬೇಡ ಎಂದು ಆರ್ಡರಿನ ಜೊತೆಗೇ ಬರೆದ. ಈ ಸಲ ಅದನ್ನು ಜನರ ಮುಂದಿಟ್ಟು ಕಂಪೆನಿಯ ನಿಲುವೇನು ಎಂದು ಕೇಳಿದ್ದು ತೆಲಂಗಾಣದ ಸವಾರರ, ಚಾಲಕರ ಸಂಘ, ಅದರ ಮುಖಂಡ ಶೇಖ್ ಸಲಾಹುದ್ದೀನ್. ಅವರು ಅದನ್ನು ಮುಸ್ಲಿಮರ ದೂರು ಎಂದು ಎತ್ತಲಿಲ್ಲ. ನಾವು ಕಾರ್ಮಿಕರು, ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್ ಎಲ್ಲರ ಮನೆಗೂ ಊಟ ಮುಟ್ಟಿಸುವವರು ಎಂದು ಎತ್ತಿದರು. ಇದನ್ನು ನಾವು ಗಮನಿಸಬೇಕು. ನಮ್ಮ ಮಗನಿಗೆ ಅವಮಾನ ಆದಾಗ ಅವನ ಪಕ್ಕದಲ್ಲಿ ಬೇರೆ ಧರ್ಮದ ಸವಾರನೂ ನಿಲ್ಲುವುದು ಸಂಘದಲ್ಲಿ ಮಾತ್ರ. ಹಾಗಾಗಿ 'ಬ್ಯಾರಿ ಸವಾರರ ಸಂಘ' ಎಂದು ಯಾರಾದರೂ ಬೋರ್ಡ್ ಹಾಕಲು ಹೊರಟರೆ ನಾವು ಬೇಡ ಎನ್ನುತ್ತೇವೆ. ತುಳುವರು, ಕೊಂಕಣಿಯವರು, ಉತ್ತರ ಕರ್ನಾಟಕದಿಂದ ಬಂದ ಹುಡುಗರು, ಎಲ್ಲರೂ ಇರುವ ಸಂಘವೇ ಆಗಬೇಕು.

2021ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದೂ ನೆನಪಿರಬಹುದು. ಡೆಲಿವರಿ ಹುಡುಗ ಮೂಗಿಗೆ ಗುದ್ದಿದ ಎಂದು ಮಹಿಳೆಯೊಬ್ಬರು ವೀಡಿಯೊ ಹಾಕಿದರು. ದಿನ ಕಳೆಯುವುದರೊಳಗೆ ಅವನು ದೇಶಕ್ಕೆಲ್ಲ ರೌಡಿಯಾದ, ಬಂಧನವೂ ಆಯಿತು. ಆಮೇಲೆ ಅವನು, ತನಗೇ ಚಪ್ಪಲಿಯಲ್ಲಿ ಹೊಡೆದರು ಎಂದು ಹೇಳಿದ, ಆ ಕಡೆಯವರ ಮೇಲೂ ಕೇಸು ದಾಖಲಾಯಿತು. ಸತ್ಯ ತೀರ್ಮಾನಿಸುವುದು ಕೋರ್ಟಿನ ಕೆಲಸ. ನಾವು ನೋಡಬೇಕಾದ್ದು, 5,000ದ ಹತ್ತಿರ ಡೆಲಿವರಿ ಮಾಡಿ 4.75 ರೇಟಿಂಗ್ ಇದ್ದ ಹುಡುಗ ಅವನು ಎಂದು ಕಂಪೆನಿಯೇ ಹೇಳಬೇಕಾಯಿತು. ಅಷ್ಟು ವರ್ಷದ ಒಳ್ಳೆಯ ಹೆಸರು ಒಂದು ವೀಡಿಯೊದ ಮುಂದೆ ನಿಲ್ಲಲಿಲ್ಲ.

ಇನ್ನೊಂದು ಬದಿಯನ್ನೂ ಹೇಳದೆ ಬಿಡುವ ಹಾಗಿಲ್ಲ. ಬೈಕ್ ಸವಾರ ಎಂದರೆ ಊರಿನವರ ಕಣ್ಣಿಗೆ ಮೊದಲು ಬರುವುದು ಸೈಲೆನ್ಸರ್ ಬದಲಾಯಿಸಿ ಹೆದ್ದಾರಿಯಲ್ಲಿ ಡಬಡಬ ಹಾರಿಸುವ ಹುಡುಗರು. ಮೀಲಾದ್ ಜಾಥಾದ ಹಿಂದೆ ಮೂರು ಮೂರು ಜನ ಕೂತು, ತಲೆಗೆ ಹೆಲ್ಮೆಟ್ ಇಲ್ಲದೆ, ಹಾರ್ನ್ ಒತ್ತಿ ಹಿಡಿದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. "ಎಂತ ಉಸ್ತಾದರೇ, ನಿಮ್ಮ ಹುಡುಗರದ್ದು ಜಾಸ್ತಿಯಾಯ್ತು ಮಾರ್ರೆ" ಎಂದು ಅಂಗಡಿಯವರು ಹೇಳುವಾಗ ನಮಗೆ ಉತ್ತರ ಇರುವುದಿಲ್ಲ. ಆ ಡಬಡಬದ ಪಾಪ ಮಾರನೆಯ ದಿನ ಬಿರಿಯಾನಿ ಹೊತ್ತು ಫ್ಲ್ಯಾಟಿನ ಗೇಟಿನಲ್ಲಿ ನಿಂತ ಹುಡುಗನ ತಲೆಗೆ ಬರುತ್ತದೆ. ವಾಚ್‌ಮ್ಯಾನ್ ಅವನನ್ನೇ ದಿಟ್ಟಿಸುವುದು, ಲಿಫ್ಟ್ ಬೇಡ ಮೆಟ್ಟಿಲಲ್ಲಿ ಹೋಗು ಎನ್ನುವುದು. ಪ್ರವಾದಿವರ್ಯರು(ಸ) ದಾರಿಗೂ ಒಂದು ಹಕ್ಕು ಇದೆ ಎಂದು ಕಲಿಸಿದ್ದಾರೆ. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರ ಹೇಳುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು ದಾರಿಯಲ್ಲಿ ಕೂರುವವರ ಮೇಲಿರುವ ಬಾಧ್ಯತೆ. ಕೂತವರಿಗೇ ಇಷ್ಟು ಇದ್ದರೆ ಓಡಿಸುವವರಿಗೆ ಎಷ್ಟಿರಬೇಕು! ಹೆಲ್ಮೆಟಿನ ವಿಷಯದಲ್ಲಿ ನಮ್ಮಲ್ಲಿ ಕೆಲವರು, ಟೋಪಿ ಇದೆ, ಪೇಟ ಇದೆ ಎಂದು ವಾದಿಸುವುದುಂಟು. ಮೋಟಾರು ವಾಹನ ಕಾಯ್ದೆಯಲ್ಲಿ ವಿನಾಯಿತಿ ಇರುವುದು ಪೇಟ ಧರಿಸಿದ ಸಿಖ್ಖರಿಗೆ. ನಮ್ಮ ಟೋಪಿ ಡಾಮರಿಗೆ ಬಿದ್ದರೆ ತಲೆ ಕಾಯುವುದಿಲ್ಲ.

ಸಂಘ ಇರುವಲ್ಲಿ ಇದನ್ನು ಸಂಘವೇ ಹೇಳುತ್ತದೆ, ಮತ್ತು ಅದು ಹೇಳಿದರೆ ಹುಡುಗರು ಕೇಳುತ್ತಾರೆ. ರಿಕ್ಷಾ ಪಾರ್ಕಿನಲ್ಲಿ ಕುಡಿದು ಬಂದವನನ್ನು ಸರದಿಯಿಂದ ಹೊರಗಿಡುವುದು ಪೊಲೀಸರಲ್ಲ, ಪಾರ್ಕಿನವರೇ.

ಹಕ್ಕು ಮತ್ತು ಹೆಸರು ಒಂದೇ ಕಡೆ ಸೇರಿದ್ದನ್ನು ನೋಡಬೇಕಾದರೆ 'ಹತ್ತು ನಿಮಿಷ'ದ ಕಥೆ ನೋಡಿ. ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ಎಂದು ಕಂಪೆನಿಗಳು ಜಾಹೀರಾತು ಕೊಟ್ಟವು. ಸಿಗ್ನಲ್ ಹಾರಿಸಿದ ಸವಾರನನ್ನು ಜನ ಬೈದರು. ಹಾರಿಸುವಂತೆ ಮಾಡಿದ ಗಡಿಯಾರವನ್ನು ಯಾರೂ ಬೈಯಲಿಲ್ಲ. 2025ರ ಡಿಸೆಂಬರ್ 25 ಮತ್ತು 31ರಂದು ಸವಾರರ ಸಂಘಗಳು ದೇಶದಾದ್ಯಂತ ಮುಷ್ಕರಕ್ಕೆ ಕರೆ ಕೊಟ್ಟವು, ಹತ್ತು ನಿಮಿಷದ ಈ ಓಟ ನಿಲ್ಲಿಸಿ ಎಂಬುದು ಬೇಡಿಕೆಗಳಲ್ಲೊಂದು. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಕಂಪೆನಿಗಳನ್ನು ಕರೆಸಿ ಮಾತಾಡಿದ ಮೇಲೆ ಬ್ಲಿಂಕಿಟ್ ಆ ಜಾಹೀರಾತಿನಿಂದ ಹತ್ತು ನಿಮಿಷವನ್ನು ತೆಗೆಯಿತು. ಒಬ್ಬೊಬ್ಬ ಸವಾರ ಸಾವಿರ ಸಲ ಹೇಳಿದ್ದರೂ ಇದು ಆಗುತ್ತಿರಲಿಲ್ಲ.

ಗಲ್ಫ್‌ನಲ್ಲಿ ನಮ್ಮವರು ಎಷ್ಟೋ ಜನ ಇದೇ ಕೆಲಸದಲ್ಲಿದ್ದಾರೆ, ನಲವತ್ತೈದು ಡಿಗ್ರಿ ಬಿಸಿಲಲ್ಲಿ. ಯುಎಇಯಲ್ಲಿ ಸಂಘ ಕಟ್ಟುವಂತಿಲ್ಲ, ಮುಷ್ಕರ ಮಾಡುವಂತಿಲ್ಲ. ಆದರೂ 2022ರ ಮೇ ಆರಂಭದಲ್ಲಿ ದುಬೈಯ ಡೆಲಿವರೂ ಸವಾರರು, ಒಂದು ಡೆಲಿವರಿಗೆ 10.25 ದಿರ್ಹಮ್ ಇದ್ದದ್ದನ್ನು 8.75ಕ್ಕೆ ಇಳಿಸುತ್ತಾರೆಂದು ಗೊತ್ತಾದಾಗ ಬೈಕ್ ನಿಲ್ಲಿಸಿ ಸುಮ್ಮನೆ ಕೂತರು. ಕಂಪೆನಿ ಹಿಂದೆ ಸರಿಯಿತು. ಗಡೀಪಾರಿನ ಭಯ ಇಟ್ಟುಕೊಂಡೂ ಅವರು ಅಷ್ಟು ಮಾಡಿದರು. ಸಂಘ ಕಟ್ಟುವುದು ಸಂವಿಧಾನವೇ ಕೊಟ್ಟ ಹಕ್ಕಾಗಿರುವ ನಮ್ಮ ನಾಡಿನಲ್ಲಿ ನಮ್ಮ ಹುಡುಗರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಯಾವ ವೃತ್ತದಲ್ಲಿ ಪೊಲೀಸ್ ನಿಂತಿದ್ದಾರೆ ಎಂದು ಹಂಚಿಕೊಳ್ಳುವಲ್ಲಿಗೇ ನಿಂತಿದ್ದಾರೆ. ಅದೂ ಒಂದು ಒಗ್ಗಟ್ಟೇ ಅನ್ನಿ.

ಜಮಾಅತ್ ಕಮಿಟಿಗಳು ಇಲ್ಲಿ ಮಾಡಬಹುದಾದ್ದು ಉಂಟು. ಸಂಘ ಕಟ್ಟುವುದು ಹುಡುಗರ ಕೆಲಸ, ಅದರಲ್ಲಿ ಮಸೀದಿ ತಲೆ ಹಾಕುವುದು ಬೇಡ. ಆದರೆ ಹೆಸರು ನೋಂದಾಯಿಸಲು ಸಹಾಯ ಮಾಡಬಹುದು. ರಾಜ್ಯ ಸರಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಅಪಘಾತದಲ್ಲಿ ಸಾವಾದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಇದೆ, ಗಾಯವಾದರೆ ಆಸ್ಪತ್ರೆ ಖರ್ಚಿಗೆ 1 ಲಕ್ಷದ ವರೆಗೆ ಇದೆ. ಸವಾರ ಪ್ರೀಮಿಯಂ ಕಟ್ಟಬೇಕಾಗಿಲ್ಲ. ಆದರೆ ಇ-ಶ್ರಮ್‌ನಲ್ಲಿ ಹೆಸರಿರಬೇಕು. ಅಪಘಾತವಾದ ಮೇಲೆ ಜುಮುಅ ದಿನ ಶಾಲು ಹಿಡಿದು ದುಡ್ಡು ಎತ್ತುವುದು ನಮಗೆ ರೂಢಿ, ಅದು ಸದಕವೂ ಹೌದು. ಅದಕ್ಕೆ ಮೊದಲೇ ಇದನ್ನು ಮಾಡಿಸಿದ್ದರೆ ಎಷ್ಟೋ ಮನೆಗೆ ಉಪಕಾರವಾಗುತ್ತಿತ್ತು.

ಜುಮುಅ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಒಂದು ಮೇಜು, ಕಂಪ್ಯೂಟರ್ ತಿಳಿದ ಇಬ್ಬರು ಹುಡುಗರು ಇದ್ದರೆ ಸಾಕು, ಮೊಹಲ್ಲಾದ ಸವಾರರದ್ದೆಲ್ಲ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಪಕ್ಕದ ಮನೆಯ ಹಿಂದೂ ಹುಡುಗ ಬಂದರೆ ಅವನದ್ದನ್ನೂ ಮಾಡಿಕೊಡಿ. ಉಮ್ಮಂದಿರು ಮಗನನ್ನು ಕಳಿಸುವಾಗ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಕಳಿಸಿ, ಆಧಾರ್‌ಗೆ ಜೋಡಿಸಿದ ನಂಬರಿನ ಮೊಬೈಲ್ ಅವನ ಕೈಯಲ್ಲೇ ಇದೆಯಾ ಎಂದು ನೋಡಿ. ಬಾಪನ ನಂಬರ್ ಜೋಡಿಸಿದ್ದರೆ ಬಾಪನನ್ನೂ ಕಳಿಸಿ, ಒಟಿಪಿ ಬರುವುದು ಅದಕ್ಕೇ.